ಹಳದಿಯಾದ ಕುಂಕುಮ

ಅವರ ಅಂಗಿಯ ಹೊಟ್ಟೆಯ ಭಾಗದಲ್ಲಿ ಯಾವಾಗಲೂ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳಿರುತ್ತಿದ್ದವು. ಹೊಸ ಅಂಗಿಯಾದರೂ ಎರಡು ಒಗೆತಕ್ಕೆ ಜರಡಿ. ಮೊದಲ ಸಲ ನೋಡಿದಾಗ ಹುಳ ತಿಂದಿರಬೇಕೆಂದುಕೊಂಡು ನುಸಿಗುಳಿಗೆ ಕೊಡಲು ಹೋಗಿದ್ದೆ. "ಹುಳ ಅಲ್ರಿ ಅಮ್ಮಾರೆ, ಆಸಿಡ್. ಇದರ ಹಸಿವು ಎಷ್ಟು ಅಂತ ನನ್ನ ಹೆಂಡ್ತಿನ್ನ ಕೇಳ್ರಿ," ಎಂದು ನಕ್ಕಿದ್ದರು.

ನಮ್ಮ ಇನ್ವರ್ಟರಿನ ಬ್ಯಾಟರಿ ನೋಡಿಕೊಳ್ಳುತ್ತಿದ್ದವರು ಅವರು. ನಮ್ಮ ಬಾಯಲ್ಲಿ 'ಬ್ಯಾಟರಿಯವರು', ಅಷ್ಟೇ. ಹರಿಹರದ ಗುತ್ತೂರಿನಿಂದ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಎರಡು ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬರುವರು. ಮಾಡುವುದೆಲ್ಲ ನಿಧಾನ. ಡಿಸ್ಟಿಲ್ಡ್ ವಾಟರ್ ಹನಿಸುತ್ತಾ ಬ್ಯಾಟರಿಯನ್ನು ಸಾಕಿದ ಎಮ್ಮೆಯೆಂಬಂತೆ ಮಾತಾಡಿಸುವರು: "ಸಾಕೇನು? ಇನ್ನೊಂದು ಗುಟುಕು?" ಮೊಣಕೈತನಕ ಎರಡು ಸಲ ತೊಳೆಯದೆ ಚಹಾದ ಲೋಟ ಮುಟ್ಟುತ್ತಿರಲಿಲ್ಲ.

ನನಗೆ ಆ ನಿಧಾನ ಕಂಡರೆ ಚಡಪಡಿಕೆ. ನನ್ನ ಯಜಮಾನರು ಶ್ವಾಸಕೋಶ ಸೋತು, ಹಗಲೂ ರಾತ್ರಿ ಆಕ್ಸಿಜನ್ ಮೆಷೀನಿಗೆ ಅಂಟಿಕೊಂಡಿದ್ದರು. ಕರೆಂಟ್ ಹೋದರೆ ಮೆಷೀನನ್ನು ನಡೆಸುವುದು ಆ ಬ್ಯಾಟರಿ. ಫ್ಯಾನಿನ ಸದ್ದು ಚೂರು ಬದಲಾದರೂ ನಾನು ಎದ್ದು ಕೂರುತ್ತಿದ್ದೆ. ಈಗಲೂ ಕೂರುತ್ತೇನೆ.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ನನಗೆ ಬುದ್ಧಿ ಕೆಟ್ಟಿತು. ಇಡೀ ಮನೆಯಲ್ಲಿ ಪೂಜೆಗೆ ಅರ್ಹವಾದ ಮೆಷೀನ್ ಯಾವುದಾದರೂ ಇದ್ದರೆ ಇದೇ ಅಲ್ಲವೇ ಎಂದುಕೊಂಡು, ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಿಂದ ಬ್ಯಾಟರಿಯ ಟ್ರಾಲಿಯನ್ನು ಮುಂದಕ್ಕೆ ಎಳೆದೆ. ಚಕ್ರ ಟೈಲ್ಸಿನ ಸಂದಿಗೆ ಸಿಕ್ಕಿ ಬ್ಯಾಟರಿ ವಾಲಿತು. ಹೇಗೋ ತಡೆದು ನಿಲ್ಲಿಸಿದೆ. ಮೇಲಿನ ಬಿರಡೆಯೊಂದು ಸಡಿಲವಿತ್ತೋ ಏನೋ, ಬ್ಯಾಟರಿಯ ಮೇಲೂ ನೆಲದ ಮೇಲೂ ನೀರು ಚೆಲ್ಲಿತು. ನೀರೆಂದೇ ತಿಳಿದೆ, ತುಂಬಿಸುವುದು ನೀರನ್ನೇ ತಾನೆ? ಸೆರಗಿನಿಂದ ಒಂದಿಷ್ಟು ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟೆ.

ಅಂಗಡಿಯ ಬಣ್ಣದ ಪುಡಿಯಲ್ಲ ಅದು. ಅರಿಶಿನಕ್ಕೆ ಸುಣ್ಣ ಬೆರೆಸಿ ನಮ್ಮ ಅತ್ತೆಯವರು ಕಲಿಸಿದಂತೆ ಮಾಡಿದ್ದು. ನಾನು ನೋಡುನೋಡುತ್ತಲೇ ಅದು ಹಳದಿಗೆ ತಿರುಗಿತು.

ಕಾನ್ವೆಂಟಿನಲ್ಲಿ ಓದಿದವಳು ನಾನು. ಶಕುನ, ಗಿಕುನ, all that nonsense ಎಂದು ಬದುಕಿದವಳು. ಆದರೂ ಒಳಗಿನ ಕೋಣೆಯಲ್ಲಿ ಮೆಷೀನಿನ ಗುಂಯ್ ಸದ್ದು ಕೇಳುತ್ತಿತ್ತು, ಹೊರಗೆ ನನ್ನ ಕುಂಕುಮ ಬಣ್ಣ ಕಳೆದುಕೊಂಡಿತ್ತು. ಮೆಟ್ಟಿಲ ಮೇಲೆ ಕೂತೆ. ಬೆರಳು ಚುರುಗುಟ್ಟುತ್ತಿದ್ದುದೂ ಆಮೇಲೆ ಗೊತ್ತಾಯಿತು.

ಫೋನ್ ಮಾಡಿದೆ. ಅವರು ಸಮಾಧಾನ ಹೇಳಲಿಲ್ಲ. "ಮೊದ್ಲು ಕೈ ನಲ್ಲಿ ಕೆಳಗೆ ಹಿಡೀರಿ, ಸುಮ್ನೆ ಹಿಡಕೊಂಡೇ ಇರ್ರಿ. ಸೀರಿ ಬದಲಾಯಿಸ್ರಿ. ಇನ್ವರ್ಟರ್ ಆಫ್ ಮಾಡ್ರಿ. ಕಿಟಕಿ ತೆಗೀರಿ. ನೆಲಕ್ಕೆ ಕೊಡಗಟ್ಲೆ ನೀರು ಸುರಿಯಬ್ಯಾಡ್ರಿ, ಮನಿ ತುಂಬ ಓಡ್ಯಾಡ್ತೈತಿ. ಬಂದೆ."

ಫೋನ್ ಇಟ್ಟ ಮೇಲೆ ನೆನಪಾಯಿತು. ಆಯುಧಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟಬಾರದೆಂಬುದು ಅವರ ಮನೆಯ ಕಟ್ಟುಪಾಡು. ಹಿಂದೊಮ್ಮೆ ಆ ದಿನ ಕರೆದಾಗ, "ಇವತ್ತು ಅವು ದೇವರ್ರಿ, ನಾಳೆ ಮತ್ತ ಆಳು," ಎಂದು ಬರದೇ ಇದ್ದವರು.

ಅರ್ಧ ಗಂಟೆಯಲ್ಲಿ ಬಂದರು. ಚೀಲ ಬಿಚ್ಚಿದರೆ ಸ್ಪ್ಯಾನರಿಗೆ ಕುಂಕುಮ, ಚೆಂಡುಹೂವಿನ ಎಸಳು ಅಂಟಿಕೊಂಡೇ ಇದ್ದವು. ನಾನು ಏನೋ ಹೇಳಹೊರಟೆ. ಅವರು ರಬ್ಬರ್ ಗ್ಲೌಸ್ ಏರಿಸುತ್ತಾ, "ಮಿರ್ಚಿ ಹಿಟ್ಟಿಗೆ ಹಾಕೋ ಸೋಡಾ ಐತೇನ್ರಿ? ಡಬ್ಬಿನೇ ತರ್ರಿ," ಎಂದರು.

ಸೋಡಾ ಪುಡಿಯನ್ನು ಚೆಲ್ಲಿದ್ದರ ಅಂಚಿನಿಂದ ಒಳಮುಖವಾಗಿ ಉದುರಿಸುತ್ತಾ ಹೋದರು. ಬುಸ್ಸೆಂದು ನೊರೆ ಎದ್ದಿತು. ಬ್ಯಾಟರಿಯ ಮೇಲೆ ಸೋಡಾ ಕಲಸಿದ ನೀರನ್ನು ಬಟ್ಟೆಯಿಂದ ಒತ್ತಿದರು. ಒಂದು ಹನಿಯೂ ಬಿರಡೆಯ ಒಳಗೆ ಹೋಗದ ಹಾಗೆ. ತಂತಿ ಹಚ್ಚುವ ಟರ್ಮಿನಲ್ಲಿಗೆ ಹಸಿರು ಬೂಷ್ಟಿನಂಥದ್ದು ಕಟ್ಟಿತ್ತು. ಕ್ಲಿಪ್ ಬಿಚ್ಚಿ ಅದನ್ನು ಉಜ್ಜುತ್ತಿದ್ದಾಗ ಕರೆಂಟ್ ಹೋಯಿತು.

ಒಳಗೆ ಮೆಷೀನ್ ಕೂಗಿಕೊಂಡಿತು. ಓಡಿ ಹೋಗಿ ಯಜಮಾನರಿಗೆ ಸಣ್ಣ ಸಿಲಿಂಡರಿನ ಪೈಪ್ ಹಚ್ಚಿದೆ. ಅದರ ಮೀಟರಿನ ಮುಳ್ಳು ಕೆಳಗಿತ್ತು, ಕಾಲು ಗಂಟೆಗಿಂತ ಹೆಚ್ಚು ಬಾರದು. ಹೊರಗೆ ಬಂದು, "ಬೇಗ ಮಾಡ್ರಿ, please, ಹಾಗೇ ಹಚ್ಚಿಬಿಡ್ರಿ," ಎಂದೆ.

"ಹಸಿ ಇದ್ದಂಗೇ ಹಚ್ಚಿದ್ರೆ ನಡುವೆ ಕೈ ಕೊಡ್ತೈತ್ರಿ. ಯಜಮಾನ್ರ ಹತ್ರ ಕೂಡ್ರಿ ಹೋಗ್ರಿ. ನಿಮ್ಮ ಉಸಿರು ನೋಡಿನೇ ಅವರಿಗೆ ಗಾಬರಿ."

ಹೋಗಿ ಕೂತೆ. ಮುಳ್ಳನ್ನು ನೋಡುತ್ತಾ ಕೂತೆ. ಯಜಮಾನರು ಕಣ್ಣಲ್ಲೇ, ಏನಾಯಿತು ಎಂದರು. "ಪೂಜೆ," ಎಂದೆ.

ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ಮೆಷೀನ್ ಒಮ್ಮೆ ಕ್ಲಿಕ್ ಎಂದು ಗುಂಯ್ಗುಟ್ಟತೊಡಗಿತು. ನಾನು ಹೊರಗೆ ಬಂದಾಗ ಬ್ಯಾಟರಿಯವರು ಟರ್ಮಿನಲ್ಲಿಗೆ ವ್ಯಾಸಲೀನ್ ಸವರುತ್ತಿದ್ದರು. ಮುಗಿಸಿ ನನ್ನ ಕುಂಕುಮದ ಭರಣಿ ಕೇಳಿ ಇಸಕೊಂಡರು. ಕುಂಕುಮ ಹಳದಿಯಾದ ಸಂಗತಿಯನ್ನು ನಾನು ಬಾಯಿಬಿಟ್ಟಿರಲಿಲ್ಲ. ಅವರು ಕಂಡಿದ್ದರು.

"ಶಕುನ ಅಲ್ರಿ ಅಮ್ಮಾರೆ. ಆಸಿಡ್ ತಾಗಿದ್ರೆ ಸುಣ್ಣದ ಕುಂಕುಮ ಹಳದಿ ಆಗೇ ಆಗ್ತೈತಿ. ನಾವು ಇದರಲ್ಲೇ ಪರೀಕ್ಷೆ ಮಾಡೋದು." ಚೆಲ್ಲಿದ್ದ ಜಾಗದಲ್ಲಿ ನಾಲ್ಕು ಕಡೆ ಚಿಟಿಕೆ ಹಾಕಿದರು. ಮೂರು ಕೆಂಪಾಗೇ ಉಳಿದವು. ನಾಲ್ಕನೆಯದು, ಟೈಲ್ಸಿನ ಸಂದಿಯದು, ಹಳದಿಯಾಯಿತು. "ನೋಡ್ರಿ, ಇಲ್ಲಿ ಅಡಗ್ಯಾನ." ಮತ್ತೆ ಸೋಡಾ, ಮತ್ತೆ ಒರೆಸುವುದು, ಮತ್ತೆ ಚಿಟಿಕೆ. ಅದು ಕೆಂಪಾಗಿ ನಿಂತ ಮೇಲೆಯೇ ಗ್ಲೌಸ್ ತೆಗೆದರು.

ಕಾನ್ವೆಂಟಿನ ಲ್ಯಾಬಿನಲ್ಲಿ ಸಿಸ್ಟರ್ ಲಿಟ್ಮಸ್ ಪೇಪರ್ ಅದ್ದಿ ತೋರಿಸಿದ್ದು ಆಗ ನೆನಪಾಯಿತು. Full marks ತೆಗೆದುಕೊಂಡಿದ್ದೆ. ಭಯ ಹಿಡಿದಾಗ ಒಂದಕ್ಷರವೂ ನೆರವಿಗೆ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಬ್ಯಾಟರಿಯವರು ಹೋಗಿಬಿಟ್ಟರು. ಹೃದಯಾಘಾತವಂತೆ, ಅಂಗಡಿಯಲ್ಲೇ. ನಮ್ಮ ಅಕ್ಕಪಕ್ಕದ ಮನೆಯವರೆಲ್ಲ, ಪಾಪ, ಗಟ್ಟಿ ಆಳು ಎಂದರು. ಮೂರನೇ ದಿನ ಯಜಮಾನರ ಬಳಿ ನರ್ಸನ್ನು ಕೂರಿಸಿ ಗುತ್ತೂರಿಗೆ ಹೋದೆ. ಅವರ ಹೆಂಡತಿ ಹೊರಗೆ ತಂತಿಯ ಮೇಲಿನ ಅಂಗಿಗಳನ್ನು ಮಡಚಿಡುತ್ತಿದ್ದರು. ಎಲ್ಲದರ ಹೊಟ್ಟೆಯಲ್ಲೂ ಅವೇ ತೂತುಗಳು.

ನಾನು ಯಾರೆಂದು ಹೇಳಿದೆ. ಅವರು ಕೈಯಲ್ಲಿದ್ದ ಅಂಗಿಯನ್ನು ಮಡಚಿಟ್ಟು ನನ್ನತ್ತ ತಿರುಗಿದರು.

"ಒಂದು ವರ್ಷ ಪೂಜೆಗಿಟ್ಟ ಸ್ಪ್ಯಾನರ್ ಎತ್ತಿಕೊಂಡು ಹೋದ್ರು. ವಾಪಸ್ ಬಂದು ತೊಳೆದು ಮತ್ತ ಮೊದಲಿಂದ ಪೂಜಿಗೆ ಕುಂತ್ರು. ಯಾಕ ಹಂಗ ಮಾಡಿದ್ರಿ ಅಂತ ಜಗಳ ತೆಗೆದಿದ್ದೆ. ಯಾರೋ ಉಸಿರಾಡ್ಬೇಕಿತ್ತು ಬಿಡು ಅಂದ್ರು, ಅಷ್ಟೇ. ಅದು ನಿಮ್ಮನೆಯವರೇನ್ರಿ?"

"ಹೌದಮ್ಮ," ಎಂದೆ. "ಇನ್ನೂ ಉಸಿರಾಡ್ತಿದ್ದಾರೆ."