ಚೆಂಡಿನ ದಾರಿಗೆ ಅಡ್ಡ ಬಂದವರು

"ಮೇಷ್ಟ್ರೇ, ನೀವ್ ನೋಡಿದ್ರೋ ಇಲ್ವೋ, ಅಷ್ಟ್ ಹೇಳಿ ಸಾಕು."

ಕುದುರೆಯಿಂದ ಬಿದ್ದು ಮೊಣಕೈ ಸುಲಿದುಕೊಂಡಿದ್ದ ರಸೂಲ್ ನನ್ನೆದುರು ನಿಂತು ಕೇಳಿದ್ದು ಇಷ್ಟೇ. ನಾನು ಕೈಯಲ್ಲಿದ್ದ ರೂಲ್ಸ್ ಪುಸ್ತಕ ನೋಡಿದೆ. ಆಮೇಲೆ ಪಕ್ಕದಲ್ಲಿ ಧೂಳು ಕೊಡವಿಕೊಳ್ಳುತ್ತಿದ್ದ ನಮ್ಮೂರ ಜಮೀನಿನ ಒಡೆಯರು, ಜೋಡಿದಾರರ ಮುಖ ನೋಡಿದೆ. "ಸರಿಯಾಗಿ ಕಾಣಲಿಲ್ಲಪ್ಪ" ಅಂದೆ.

ಸುಳ್ಳು. ಚೆನ್ನಾಗಿಯೇ ಕಂಡಿತ್ತು.

ಕಳೆದ ಭಾನುವಾರ ಅಜ್ಜಂಪುರದ ಕಾವಲಿನ ಹುಲ್ಲುಬಯಲಿನಲ್ಲಿ ನಮ್ಮೂರಿಗೂ ತರೀಕೆರೆಗೂ ನಡೆದ ಪೋಲೋ ಮ್ಯಾಚಿಗೆ ಈ ಪತ್ರಿಕೆ ಓದುವ ನಿಮ್ಮಲ್ಲಿ ಬಹಳ ಜನ ಬಂದಿದ್ದಿರಿ. ಬುಕ್ಕಾಂಬುಧಿಯಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ನನ್ನನ್ನು ರೆಫ್ರಿ ಮಾಡಿದ್ದರು. ಕುದುರೆ ಹತ್ತಲು ಬಾರದ ಮೇಷ್ಟರನ್ನು (ಎತ್ತಿನ ಗಾಡಿಯಲ್ಲಿ ಕೂತರೂ ಎರಡು ಕೈಯಲ್ಲಿ ಹಿಡಿದುಕೊಳ್ಳುವವನು ನಾನು) ಯಾಕೆ ಕೂರಿಸಿದರು? ಆ ಇಂಗ್ಲಿಷ್ ಪುಸ್ತಕ ಓದಿದವನು ಈ ಸೀಮೆಯಲ್ಲಿ ನಾನೊಬ್ಬನೇ ಅಂತ. ಆಗ ಹೆಮ್ಮೆಪಟ್ಟಿದ್ದೆ. ಈಗ ನಾಚಿಕೆಯಾಗುತ್ತಿದೆ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಒಂದೊಂದು ಕಡೆಗೆ ನಾಲ್ವರು ಸವಾರರು. ಕೈಯಲ್ಲಿ ಉದ್ದನೆಯ ಬೆತ್ತದ ಸುತ್ತಿಗೆ, ನೆಲದ ಮೇಲೆ ಮರದ ಚೆಂಡು. ಎರಡು ಕಂಬಗಳ ನಡುವೆ ಹೊಡೆದರೆ ಗೋಲು. ಏಳೆಂಟು ನಿಮಿಷಕ್ಕೊಂದು ಸುತ್ತು, ಅದಕ್ಕೆ ಚಕ್ಕರ್ ಅನ್ನುತ್ತಾರೆ. ಸುತ್ತು ಮುಗಿದರೆ ಕುದುರೆ ಬದಲು, ಯಾಕೆಂದರೆ ಅಷ್ಟರಲ್ಲಿ ಅದು ನೊರೆ ಕಕ್ಕುತ್ತಿರುತ್ತದೆ.

ಇನ್ನೊಂದು ವಿಚಿತ್ರ ಇದೆ. ಪ್ರತಿ ಗೋಲಿನ ನಂತರ ಎರಡು ಕಡೆಯವರೂ ದಿಕ್ಕು ಬದಲಾಯಿಸುತ್ತಾರೆ. ಇದು ಗೊತ್ತಿಲ್ಲದೆ ಪಂಚನಹಳ್ಳಿಯ ಒಬ್ಬ ಯಜಮಾನರು ತಲೆ ಚಚ್ಚಿಕೊಂಡರು. ತರೀಕೆರೆಯವರ ಮೊದಲ ಗೋಲು ಕೆರೆಯ ಕಡೆ ಬಿತ್ತು, ಎರಡನೆಯದನ್ನು ರಸೂಲ್ ಊರ ಕಡೆ ಹೊಡೆದ. "ಅಯ್ಯೋ ಇವ್ನ! ತನ್ ಗೋಲಿಗೇ ತಾನೇ ಹೊಡ್ಕೊಂಡ ಕಣ್ರೀ! ಎಷ್ಟ್ ತಿಂದಿದಾನೋ ಆ ಕಡೆಯೋರ್ ಹತ್ರ!" ಅಂತ ಕೂಗಿದರು. ಸುತ್ತ ಇದ್ದವರೆಲ್ಲ ಸೇರಿ ರಸೂಲನಿಗೆ ಮಂಗಳಾರತಿ ಎತ್ತಿದರು. ನಾನು ಕೂತಲ್ಲೇ ನಕ್ಕೆ. ಎದ್ದು ಹೋಗಿ ವಿವರಿಸಬೇಕಿತ್ತು.

ಈಗ ಎಲ್ಲಕ್ಕಿಂತ ದೊಡ್ಡ ರೂಲು. ದಯವಿಟ್ಟು ಗಮನವಿಟ್ಟು ಓದಿ.

ಚೆಂಡು ಓಡುವ ದಾರಿಯೇ ಒಂದು ಗೆರೆ. ಸುಣ್ಣದಲ್ಲಿ ಎಳೆದಿರುವುದಿಲ್ಲ, ಸವಾರ ಮನಸ್ಸಿನಲ್ಲೇ ಎಳೆದುಕೊಳ್ಳಬೇಕು. ಚೆಂಡನ್ನು ತನ್ನ ಬಲಗಡೆ ಇಟ್ಟುಕೊಂಡು ಆ ಗೆರೆಯ ಮೇಲೆ ಬರುತ್ತಿರುವವನಿಗೆ ದಾರಿ ಬಿಡಬೇಕು. ಅವನ ಪಕ್ಕಕ್ಕೆ ಬಂದು, ಜೊತೆಯಲ್ಲೇ ಓಡುತ್ತಾ, ಕುದುರೆಯ ಭುಜಕ್ಕೆ ಭುಜ ಕೊಟ್ಟು ತಳ್ಳಬಹುದು. ಅದು ನ್ಯಾಯ. ಆದರೆ ಅವನ ಮುಂದೆ ಅಡ್ಡ ನುಗ್ಗುವಂತಿಲ್ಲ. ಓಡುತ್ತಿರುವ ಕುದುರೆಗೆ ಅಡ್ಡ ಬಂದರೆ ಕುದುರೆಯೂ ಸಾಯಬಹುದು, ಸವಾರನೂ ಸಾಯಬಹುದು. ಅಡ್ಡ ಬಂದವನು ಯಾರೇ ಆಗಲಿ ಫೌಲು.

ಭಾನುವಾರ ಆದದ್ದೇನು? ರಸೂಲ್ ತರೀಕೆರೆಯವನು, ಬೆಂಗಳೂರಿನ ರಿಸಾಲೆಯಲ್ಲಿ, ಅಂದರೆ ಕುದುರೆ ಪಡೆಯಲ್ಲಿ, ಸವಾರ, ರಜೆಗೆ ಬಂದಿದ್ದ. ಅವನು ಗೆರೆಯ ಮೇಲೆ ನೇರವಾಗಿ ಬರುತ್ತಿದ್ದ. ನಮ್ಮೂರ ಕಡೆ ಆಡುತ್ತಿದ್ದ ಜೋಡಿದಾರರು ಎಡಗಡೆಯಿಂದ ಅಡ್ಡ ನುಗ್ಗಿದರು. ರಸೂಲ್ ಲಗಾಮು ಎಳೆದ, ಎರಡೂ ಕುದುರೆ ಡಿಕ್ಕಿಯಾಗಿ ಇಬ್ಬರೂ ಬಿದ್ದರು. ಜೋಡಿದಾರರ ಕುದುರೆ ಕುಂಟಿತು. "ಬೇಕೂಂತ್ಲೇ ಗುದ್ದಿದಾನೆ!" ಅಂತ ಅವರು ಕೂಗಿದರು. ಕುದುರೆಯ ಮೇಲಿದ್ದ ಇಬ್ಬರು ಅಂಪೈರುಗಳಲ್ಲಿ ಒಬ್ಬರು ರಸೂಲನದು ತಪ್ಪು ಅಂದರು, ಇನ್ನೊಬ್ಬರು ಜೋಡಿದಾರರದು ಅಂದರು. ಅಂಥ ಹೊತ್ತಿನಲ್ಲಿ ರೆಫ್ರಿಯ ಮಾತೇ ಕೊನೆ.

ರೆಫ್ರಿಗೆ ಕಾಣಲಿಲ್ಲವಂತೆ! ಜೋಡಿದಾರರು ನಮ್ಮ ಶಾಲೆಯ ಕಮಿಟಿಯ ಅಧ್ಯಕ್ಷರು ಅನ್ನುವುದು ಮಾತ್ರ ಚೆನ್ನಾಗಿ ಕಂಡಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಬುಧವಾರ ಸಂಜೆ ರಸೂಲ್ ಮನೆಗೆ ಬಂದ. ಬೇಕೆಂದೇ ಗುದ್ದಿದ ಅಂತ ಜೋಡಿದಾರರು ಅವನ ಮೇಲೆ ರಿಸಾಲೆಗೆ ಅರ್ಜಿ ಹಾಕಿದ್ದಾರೆ, ಬರುವ ಸೋಮವಾರ ಬೆಂಗಳೂರಿನಲ್ಲಿ ವಿಚಾರಣೆ. ಅರ್ಜಿಯಲ್ಲಿ ಏನು ಬರೆದಿದ್ದಾರೆ ಗೊತ್ತೇ? ರೆಫ್ರಿಯೇ ನಮ್ಮ ತಪ್ಪು ಕಂಡಿಲ್ಲ ಅಂತ!

"ಕೆಲ್ಸ ಹೋಗ್ತದೆ ಮೇಷ್ಟ್ರೇ," ಅಂದ ರಸೂಲ್. "ನಮ್ಮಪ್ಪನೂ ರಿಸಾಲೆ, ನಮ್ ತಾತನೂ ರಿಸಾಲೆ. ಕುದ್ರೆ ಬಿಟ್ರೆ ನಂಗೇನ್ ಬತ್ತದೆ ಹೇಳಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಹೋದ. ಅವನು ಗೇಟು ದಾಟಿದ ಮೇಲೆ ಅವಳು ಕೇಳಿದಳು:

"ನಿಮ್ಗೆ ಕಂಡಿತ್ತು ತಾನೆ?"

"ಕಂಡಿತ್ತು ಕಣೇ. ಹೇಳಿದ್ರೆ ಈ ಸ್ಕೂಲಲ್ಲಿ ನನ್ ಕೆಲ್ಸ ಇರಲ್ಲ."

"ಪಾತ್ರೆ ಕಟ್ಟೋಕೆ ನಂಗೆ ಅರ್ಧ ದಿನ ಸಾಕು," ಅಂದಳು. "ಹೋಗಿ ಹೇಳ್ಬನ್ನಿ."

ಹೇಳುತ್ತೇನೆ. ಇಲ್ಲೇ, ಅಚ್ಚಿನಲ್ಲೇ ಶುರು ಮಾಡುತ್ತಿದ್ದೇನೆ: ಅಡ್ಡ ಬಂದವರು ಜೋಡಿದಾರರು. ರಸೂಲನದು ಎಳ್ಳಷ್ಟೂ ತಪ್ಪಿಲ್ಲ. ಹೆದರಿ ಬಾಯಿ ಮುಚ್ಚಿಕೊಂಡದ್ದು ನನ್ನ ತಪ್ಪು.

ಅವರು ಬಿಡುವವರಲ್ಲ, ಗೊತ್ತು. ಭಾನುವಾರ ಕಾಣದ್ದು ಸೋಮವಾರ ಹೇಗೆ ಕಂಡಿತು ಮೇಷ್ಟ್ರೇ, ಅಂತ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಒಂದು ಸಲ ಸುಳ್ಳು ಹೇಳಿದವನು ಒಬ್ಬನೇ ಬಂದರೆ ಯಾರು ನಂಬುತ್ತಾರೆ? ಅದಕ್ಕೇ ಇಷ್ಟುದ್ದ ರೂಲು ಬರೆದದ್ದು. ಕಾವಲಿನ ಸುತ್ತ ನಿಂತು ನೀವೂ ನೋಡಿದ್ದಿರಿ. ಯಾವುದು ಫೌಲು ಅಂತ ಆಗ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ನಾನು ಈ ಭಾನುವಾರದ ರೈಲಿಗೆ ಬೆಂಗಳೂರಿಗೆ ಹೊರಡುತ್ತಿದ್ದೇನೆ. ಅಜ್ಜಂಪುರದ ಸ್ಟೇಷನ್ನಿಗೆ ನಿಮ್ಮಲ್ಲಿ ಎಷ್ಟು ಜನ ಬರುತ್ತೀರಿ?