ಬೂದಿಯಲ್ಲಿಟ್ಟ ಹಿಪ್ಪೆಬೀಜ

ಮುಡುಕುತೊರೆಯ ಬೆಟ್ಟಯ್ಯನ ಅವ್ವನನ್ನು ಮಣ್ಣು ಮಾಡಿದ್ದು ರಸ್ತೆಯಂಚಿನ ಹಿಪ್ಪೆಮರದ ಬುಡದಲ್ಲಿ. ರಸ್ತೆ ಅಗಲವಾದಾಗ ಮರ ಉರುಳಿತು; ಅವ್ವನ ಗುಡ್ಡೆಯೂ ಡಾಂಬರಿನಡಿ ಸೇರಿತು. ಮರ ಕಡಿಯುವ ಮುನ್ನ ಅವನು ಅದರ ಹಣ್ಣುಗಳನ್ನು ಆಯ್ದು ತಂದಿದ್ದ. ಒಂದು ಸಸಿಯನ್ನಾದರೂ ಎಬ್ಬಿಸಿ ಹಿತ್ತಲಲ್ಲಿ ನೆಟ್ಟು, ಅವ್ವನಿಗೆ ಕೈಮುಗಿಯಲು ಒಂದು ಜಾಗ ಮಾಡಿಕೊಳ್ಳಬೇಕೆಂಬುದೊಂದೇ ಹಂಬಲ. ಬೇರೆ ಹಿಪ್ಪೆ ಸಿಗದೆಂದಲ್ಲ. ಅವನಿಗೆ ಬೇಕಾದದ್ದು ಅವ್ವನ ಮಣ್ಣನ್ನುಂಡ ಆ ಮರದ ಸಂತಾನ.

ಬೀಜ ಕಾಪಿಡುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವ್ವ ಅವರೆಯನ್ನು ಇಡುತ್ತಿದ್ದಂತೆಯೇ ಇಟ್ಟ: ತೊಳೆದು, ಗಲಗಲ ಎನ್ನುವವರೆಗೆ ಬಿಸಿಲಲ್ಲಿ ಒಣಗಿಸಿ, ಬೂದಿ ಬೆರೆಸಿ, ಮಡಕೆಯ ಬಾಯಿಗೆ ಬೇವಿನ ಸೊಪ್ಪು ತುರುಕಿ, ಮಳೆ ಹಿಡಿಯಲೆಂದು ಕಾದ. ತಲೆಮಾರುಗಳು ಪರೀಕ್ಷಿಸಿ ಒಪ್ಪಿದ ಕ್ರಮವದು. ಆದರೆ ಪರೀಕ್ಷೆಗೆ ಒಳಗಾದದ್ದು ಕಾಳುಗಳು. ಹಿಪ್ಪೆಬೀಜದ ಜೀವ ಅದರ ತೇವದಲ್ಲಿದೆ. ಒಣಗಿದರೆ ಎಣ್ಣೆ ಉಳಿದೀತು, ಮೊಳಕೆ ಉಳಿಯದು.

ಚಹಾದಂಗಡಿಯಿಂದ ತಂದ ಹಾಲಿನ ಪ್ಯಾಕೆಟ್‌ಗಳಿಗೆ ಮಣ್ಣು ತುಂಬಿ ಬೀಜ ಊರಿದ. ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ತಲೆಯೆತ್ತಿದ್ದು ಗರಿಕೆ ಮಾತ್ರ.

“ಏನ್ಲಾ ಬೆಟ್ಟಯ್ಯ, ಪಾಕೀಟ್ನಲ್ಲಿ ಮೊಸ್ರು ಎಪ್ಪಾಕಿದ್ದೀಯಾ?” ಎಂದು ನಕ್ಕ ನೆರೆಮನೆಯ ಚಿಕ್ಕಸ್ವಾಮಿ.

“ಸುಮ್ಕಿರ್ಲಾ.”

ಅವನು ಅತ್ತ ಹೋದದ್ದೇ ಬೆಟ್ಟಯ್ಯ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಸೀಳಿದ. ಒಡೆದ ಬೀಜಗಳೆಲ್ಲದರೊಳಗೂ ಕಮಟು ವಾಸನೆಯ ಕಂದು ಹುಡಿ. ಕೊನೆಯದನ್ನೂ ಒಡೆದು ಅಂಗೈ ಮೇಲಿಟ್ಟುಕೊಂಡು ಕುಕ್ಕರಿಸಿದ.

“ಬಾ ಇಲ್ಲಿ, ಬೇಗ್ನೆ! ತಿಪ್ಪೆ ಪಕ್ದಲ್ಲಿ ಒಂದು ಉಟ್ಟದೆ!” ಹೆಂಡತಿ ಮಾದಮ್ಮ ಹಿತ್ತಲ ಮೂಲೆಯಿಂದ ಕೂಗಿದಳು.

ಹಣ್ಣು ಬಿಡಿಸುವಾಗ ಹುಳುಕೆಂದು ಎಸೆದ ಬೀಜವೊಂದು ಬಿಸಿಲು ಕಾಣದೆ, ಬೂದಿ ಮುಟ್ಟದೆ ಬದುಕಿಕೊಂಡು ಕೆಂಪು ಚಿಗುರೆಲೆ ಬಿಚ್ಚಿತ್ತು. ಬೆಟ್ಟಯ್ಯ ಓಡಿಬಂದು ಅದರತ್ತ ಕೈ ಚಾಚಿದ. ಮಾದಮ್ಮ ತಡೆದಳು:

“ಮುಟ್ಬ್ಯಾಡ. ಅಲ್ಲೇ ಇರ್ಲಿ, ಸುತ್ತ ಮುಳ್ಳಾಕವ.”

“ಎಮ್ಮೆ ತುಳ್ದಾಕ್ತದೆ ಕಣೇ,” ಎನ್ನುತ್ತಲೇ, ವರ್ಷವೂ ಭತ್ತದ ಪೈರು ಕಿತ್ತು ಪಳಗಿದ ಬೆರಳುಗಳಿಂದ ಬುಡ ಹಿಡಿದು ಎಳೆದ. ಟಪ್ಪೆಂದಿತು. ಅಂಗುಲದಷ್ಟು ಬೇರು ಕೈಗೆ ಬಂತು. ಮೊಳದುದ್ದ ಇಳಿದಿದ್ದ ಉಳಿದ ಬೇರು ನೆಲದಲ್ಲೇ ನಿಂತಿತು.

ಮಾದಮ್ಮ ಬಳಸದೆ ಮಿಕ್ಕಿದ್ದ ಖಾಲಿ ಪ್ಯಾಕೆಟ್ಟೊಂದನ್ನು ಹುಡುಕಿ, ಮಣ್ಣು ತುಂಬಿ ತಂದು ಹಿಡಿದಳು. ನೆಟ್ಟು, ನೀರೆರೆದರು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತುಬಿದ್ದವು.

“ಒಳಗ್ ಬಾ, ಉಣ್ಣೂವಂತೆ.”

“ನೀ ಉಣ್ಣೋಗು.”

ನೆರಳಿಗೆ ಒಯ್ಯಲೆಂದು ಅದನ್ನು ಇನ್ನೊಮ್ಮೆ ಅಲುಗಿಸುವ ಧೈರ್ಯ ಅವನಿಗಿರಲಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು, ತನ್ನ ನೆರಳು ಅದರ ಮೇಲೆ ಬೀಳುವಂತೆ ಬಗ್ಗಿ ಕೂತ. ಬಿಸಿಲು ಸರಿದಂತೆಲ್ಲ ತಾನೂ ಸರಿದ.