ನಾಲ್ಕು ಮಂದಿಯ ಗಾಳಿ

ಡಿಸೆಂಬರ್ ಎರಡನೆಯ ವಾರದ ಬುಧವಾರ ಬೆಳಿಗ್ಗೆ, ಲಂಡನ್ನಿನ ಹ್ಯಾರೋ ಗುಡ್ಡದಿಂದ ಇಳಿಯುವ ರಸ್ತೆಯಲ್ಲಿ, ನಾಗವ್ವನ ಕಾರು ಅವಳ ಮಾತು ಕೇಳಲಿಲ್ಲ. ಬ್ರೇಕ್ ಒತ್ತಿದಳು. ಕಾಲಿನಡಿ ಪೆಡಲ್ ಗಡಗಡ ನಡುಗಿತೇ ಹೊರತು ಕಾರು ನಿಲ್ಲಲಿಲ್ಲ. ಸಲೀಸಾಗಿ, ಸದ್ದಿಲ್ಲದೆ ಕೆಳಗೆ ಜಾರುತ್ತ ಹೋಯಿತು. ಹಿಂಭಾಗ ಎಡಕ್ಕೆ ಹೊರಳಿತು. ನಾಗವ್ವ ಬ್ರೇಕಿನಿಂದ ಕಾಲೆತ್ತಿ, ಸ್ಟೀರಿಂಗನ್ನು ಜಾರಿದ ಕಡೆಗೇ ತಿರುಗಿಸಿ, ಉಸಿರು ಬಿಗಿಹಿಡಿದು ಕಾದಳು. ಯಾರದೋ ಮನೆಯ ಇಟ್ಟಿಗೆ ಗೋಡೆಗೆ ಒಂದು ಗೇಣು ಉಳಿದಿರುವಾಗ, ರಸ್ತೆಗೆ ಅಡ್ಡಲಾಗಿ ಕಾರು ನಿಂತಿತು.

ಹಿಮವೇನೂ ಬಿದ್ದಿರಲಿಲ್ಲ. ಹಿಂದಿನ ದಿನದ ಮಳೆನೀರು ಹೆಪ್ಪುಗಟ್ಟಿತ್ತು, ಅಷ್ಟೆ. ಯಾರಿಗೂ ಏನೂ ಆಗಲಿಲ್ಲ. ಆಗಲು ಆ ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದಕ್ಕೆ ತೆಗೆಯಲು ನೋಡಿದರೆ ಹಿಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿದವು. ಕೆಟ್ಟು ನಿಂತ ಗಾಡಿಗಳಿಗೆ ಸಹಾಯ ಕಳಿಸುವವರಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಹೆಸರು, ಜಾಗ ಬರೆದುಕೊಂಡು ಮೃದುವಾಗಿ ಕೇಳಿದಳು: ಕಾರಿನಲ್ಲಿ ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ? ಇಲ್ಲ. ಬಂದು ನಿಮ್ಮ ಜೊತೆ ನಿಲ್ಲುವಂಥವರು ಹತ್ತಿರದಲ್ಲಿ ಯಾರಾದರೂ? ಇಲ್ಲ.

ವ್ಯಾನು ಬರಲು ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾಗವ್ವ ಫೋನ್ ಕೈಯಲ್ಲಿ ಹಿಡಿದು, ಹೆಸರುಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಳು. ಹಿಂಗಾತು ನೋಡು ಅಂತ ಯಾರಿಗಾದರೂ ಹೇಳಬೇಕಿತ್ತು. ಸಿಂದಗಿಯಲ್ಲಿರುವ ತಂಗಿಗೆ ಹೇಳಿದರೆ ಅವಳನ್ನು ಸಮಾಧಾನ ಮಾಡುವುದೇ ಒಂದು ಕೆಲಸ. ಕನ್ನಡ ಸಂಘದ ಸ್ಫೂರ್ತಿಗೆ ಹೇಳಿದರೆ ಸಂಜೆಯೊಳಗೆ ಅವಳ ಬಡಾವಣೆ ಕೆಂಟನ್‌ಗೆಲ್ಲ ಗೊತ್ತಾಗುತ್ತದೆ. ಫೋನನ್ನು ಚೀಲದೊಳಗೆ ಹಾಕಿಬಿಟ್ಟಳು.

ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು. ಇಪ್ಪತ್ತೊಂದು ವರ್ಷ ಅವಳು ಕೌನ್ಸಿಲ್‌ನ ಶಾಲಾ ಬಸ್ಸು ಓಡಿಸಿದವಳು. ನಡೆಯಲಾಗದ, ಮಾತು ಬಾರದ, ಲೋಕದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಕ್ಕಳನ್ನು ಬೆಳಿಗ್ಗೆ ಮನೆಬಾಗಿಲಿಂದ ಶಾಲೆಗೆ, ಮಧ್ಯಾಹ್ನ ಶಾಲೆಯಿಂದ ಮನೆಬಾಗಿಲಿಗೆ ಮುಟ್ಟಿಸಿದವಳು. ಬಸ್ಸಿನ ಮೈಮೇಲೆ ಒಂದು ಗೀರು ಬಿದ್ದದ್ದಿಲ್ಲ. ಎಂಬತ್ತೇಳನೆಯ ಇಸವಿಯಲ್ಲಿ ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಸೈಕಲ್ಲೂ ಬರುತ್ತಿರಲಿಲ್ಲ. ಗಂಡ ಮಡಿವಾಳಪ್ಪ ಪಾರ್ಕ್ ರಾಯಲ್‌ನ ಬ್ರೆಡ್ಡಿನ ಕಾರ್ಖಾನೆಯಲ್ಲಿದ್ದ. ಅವಳು ಶಾಲೆಯೊಂದರಲ್ಲಿ ಊಟ ಬಡಿಸುತ್ತಿದ್ದಳು. ಮಕ್ಕಳಾಗಲಿಲ್ಲ. ಅದಕ್ಕೆ ಅತ್ತದ್ದೂ ಹಳೆಯ ಮಾತಾಯಿತು. ನಲವತ್ತು ದಾಟಿದ ಮೇಲೆ ಹಟಹಿಡಿದು ಬಸ್ಸಿನ ಲೈಸೆನ್ಸ್ ತೆಗೆದಳು. ಒಂಬತ್ತು ವರ್ಷದ ಹಿಂದೆ ಮಡಿವಾಳಪ್ಪ ತೀರಿಕೊಂಡಾಗ, ಹನ್ನೆರಡನೆಯ ದಿನ ಮತ್ತೆ ಬಸ್ಸು ಹತ್ತಿದಳು. ಮಕ್ಕಳು ಕಾಯುತ್ತಿದ್ದರು.

ಕಳೆದ ಜುಲೈನಲ್ಲಿ, ಅರವತ್ತೆರಡಕ್ಕೆ, ಕೇಕ್ ಕತ್ತರಿಸಿ ಅವಳನ್ನು ಬೀಳ್ಕೊಟ್ಟರು. ಸೆಪ್ಟೆಂಬರಿನಲ್ಲಿ ಅವಳು ಈ ಕಾರು ಕೊಂಡಳು. ಆರು ವರ್ಷ ಹಳೆಯದು, ಕಡುನೀಲಿ, ನೆಲಕ್ಕೆ ಹತ್ತಿದಂತೆ ಕೂರುವ ಸ್ಪೋರ್ಟ್ಸ್ ಸೆಡಾನ್. ಇಪ್ಪತ್ತೊಂದು ವರ್ಷ, ಗಾಲಿಕುರ್ಚಿಗಳು ಅಲುಗಬಾರದೆಂದು ಮೊಟ್ಟೆ ಹೊತ್ತಂತೆ ಓಡಿಸಿದ ಕಾಲಿಗೆ, ಒತ್ತಿದರೆ ಚಂಗನೆ ನೆಗೆಯುವ ಒಂದು ಗಾಡಿ ಬೇಕಾಗಿತ್ತು. ಸಂಘದ ದೀಪಾವಳಿಗೆ ಅದರಲ್ಲೇ ಹೋಗಿದ್ದಳು. "ಆಂಟೀ, ನಿಮ್ದೇನಾ? ಇಷ್ಟ್ ದೊಡ್ಡ್ ಕಾರಲ್ಲಿ ಯಾರ್ಯಾರ್ ಕೂರ್ತೀರಾ?" ಎಂದು ಸ್ಫೂರ್ತಿ ನಕ್ಕಳು. ನಾಗವ್ವನೂ ನಕ್ಕಿದ್ದಳು.

ಜಾರಿದ ಮರುದಿನ ಅವಳು ಪಾರ್ಕ್ ರಾಯಲ್‌ನ ಗೋದಾಮುಗಳ ನಡುವಿನ ಒಂದು ಟೈರಿನ ಅಂಗಡಿಗೆ ಹೋದಳು. ಅಲ್ಲಿ ಐವತ್ತರ ಆಸುಪಾಸಿನ ಒಬ್ಬ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ಕಿವಿಗೆ ಬಿದ್ದ ಮಾತು ಕೇಳಿ ನಾಗವ್ವ ನಿಂತೇಬಿಟ್ಟಳು.

"ಯಾವೂರ ಕಡೆಯವರ್ರೀ ನೀವು?"

"ಗೋಕಾಕ, ಅಕ್ಕಾರ. ದಾನಪ್ಪ ಅಂತ. ನೀವು?"

"ಸಿಂದಗಿ."

ದಾನಪ್ಪ ಕೈ ಒರೆಸಿಕೊಂಡು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಟೈರುಗಳ ಮೇಲೆ ಕೈಯಾಡಿಸಿದ. "ಟೈರ್ ಛಲೋ ಅದಾವಲ್ಲರೀ."

"ಅದನ್ನ ನಾನೂ ಹೇಳೂದು. ವಾರಕ್ಕೊಮ್ಮಿ ಟೈರಿನ ಗೀರಿನ್ಯಾಗ ಇಪ್ಪತ್ತ ಪೆನ್ಸಿನ ನಾಣ್ಯಾ ಇಟ್ಟ ನೋಡ್ತೀನಿ, ಗೀರಿನ ಆಳ ಬರೋಬ್ಬರಿ ಐತಿ. ಮತ್ತ ಯಾಕ ಜಾರ್ತು?"

"ಇವು ಬ್ಯಾಸಗಿ ಟೈರ್ ಅಕ್ಕಾರ. ಏಳ ಡಿಗ್ರಿ ಕೆಳಗ ಬಂತಂದ್ರ ಇದರ ರಬ್ಬರ್ ಖಡಕ್ ರೊಟ್ಟಿ ಆಗತೈತಿ. ರಸ್ತಾ ಹಿಡಿಯಂಗಿಲ್ಲ. ಅದರಾಗ ನಿಮ್ಮ ಗಾಡಿಗೆ ಜೋರೆಲ್ಲಾ ಹಿಂದಿನ ಚಕ್ರದಾಗ."

ಚಳಿಗಾಲಕ್ಕೇ ಆದ ಟೈರು ಹಾಕಿದರೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಏಪ್ರಿಲ್‌ನಲ್ಲಿ ಬಿಚ್ಚಿ ನಾಲ್ಕನ್ನೂ ಎಲ್ಲಾದರೂ ಇಡಬೇಕು ಎಂದ. ನಾಗವ್ವನದು ಎರಡನೆಯ ಮಹಡಿಯ ಫ್ಲ್ಯಾಟ್. ಅಲ್ಲಿ ಮಡಿವಾಳಪ್ಪನ ಪುಸ್ತಕದ ಪೆಟ್ಟಿಗೆಗಳಿಗೇ ಜಾಗವಿಲ್ಲ. ಹಾಗಾದರೆ ಹನ್ನೆರಡು ತಿಂಗಳೂ ನಡೆಯುವ ಆಲ್-ಸೀಸನ್ ಟೈರೇ ಸರಿ ಎಂದು ದಾನಪ್ಪ ಒಳಗೆ ಕರೆದುಕೊಂಡು ಹೋದ. ಅವಳ ಕಾರಿನ ಹಿಂದಿನ ಚಕ್ರ ಮುಂದಿನದಕ್ಕಿಂತ ಅಗಲ. ಆ ಅಳತೆಯಲ್ಲಿ ಸಿಕ್ಕಿದ್ದು ಎರಡೇ ಬಗೆ. ಎರಡನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದ.

"ಎರಡಕ್ಕೂ ಗುಡ್ಡಾ, ಗುಡ್ಡದೊಳಗ ಹಿಮದ ಚುಕ್ಕಿ, ಈ ಗುರುತ ಐತಿ ನೋಡ್ರಿ. ಇದಿಲ್ಲದ್ದನ್ನ ಯಾರ ಕೊಟ್ರೂ ತಗೋಬ್ಯಾಡ್ರಿ. ಈ ಕಡೇದು ಹಿಮದಾಗ ಗಟ್ಟಿ. ಆ ಕಡೇದು ಮಳ್ಯಾಗ ಗಟ್ಟಿ, ಬ್ರೇಕ್ ಹಾಕಿದ್ರ ಲಗೂ ನಿಂದರತೈತಿ."

ನಾಗವ್ವ ಕೋಟು ಮೇಲೆತ್ತಿ ನೆಲಕ್ಕೆ ಮಂಡಿಯೂರಿದಳು. ಎರಡು ಟೈರುಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಬರೇ ಮಂಜಿನ ಗಡ್ಡಿ ಮ್ಯಾಲ?"

"ಅದರ ಮ್ಯಾಲ ಯಾವುದೂ ಪೂರಾ ನಿಲ್ಲಂಗಿಲ್ರಿ. ಸುಳ್ಳ ಯಾಕ ಹೇಳ್ಲಿ? ನಿಮ್ಮ ಕಾಲ ಹಗರ ಇರಬೇಕು."

"ಬ್ಯಾಸಗ್ಯಾಗ ಗಾಡಿ ಮೆತ್ತಗ ಆಗತೈತೇನು?"

ದಾನಪ್ಪ ಅವಳನ್ನು ಹೊಸದಾಗಿ ನೋಡಿದ. ಗಿರಾಕಿಗಳು ಸಾಮಾನ್ಯವಾಗಿ ಇದನ್ನು ಕೇಳುವುದಿಲ್ಲ. "ಸ್ವಲ್ಪ ಆಗತೈತಿ ಅಕ್ಕಾರ. ತಿರುವಿನ್ಯಾಗ ಮೊದಲಿನ ಚುರುಕ ಇರಂಗಿಲ್ಲ."

ಅವಳಿಗೆ ಸಣ್ಣಗೆ ನೋವಾಯಿತು. ಆ ಚುರುಕಿಗೆಂದೇ ಕೊಂಡ ಕಾರು. ಆದರೂ ಲಂಡನ್ನಿನಲ್ಲಿ ಹಿಮ ಬೀಳುವುದು ನಾಲ್ಕು ದಿನ, ಮಳೆ ವರ್ಷವಿಡೀ. ಮಳೆಯದನ್ನೇ ಹಾಕಿ ಎಂದಳು.

ಹೊಸ ಟೈರು ಕೂರಿಸಿ ಕಾರು ಕೆಳಗಿಳಿಸಿದ ಮೇಲೆ ದಾನಪ್ಪ ಡ್ರೈವರ್ ಬಾಗಿಲು ತೆರೆದು ಒಳಗಂಚಿನ ಚೀಟಿ ತೋರಿಸಿದ. ಅದರಲ್ಲಿ ಗಾಳಿಯ ಲೆಕ್ಕ ಎರಡು ಸಾಲಿನಲ್ಲಿತ್ತು. ಇಬ್ಬರೇ ಕೂರುವುದಾದರೆ ಇಷ್ಟು, ಗಾಡಿ ತುಂಬ ಜನರಿದ್ದರೆ ಇಷ್ಟು. "ಎಷ್ಟ ಮಂದಿ ಕುಂದ್ರತೀರಿ ಅಕ್ಕಾರ, ಹೆಚ್ಚಾಗಿ?"

"ನಾಕ ಮಂದಿ," ಎಂದಳು ನಾಗವ್ವ.

ಬಾಯಿಂದ ಅದು ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ದಾನಪ್ಪ ಹಿಂದಿನ ಸೀಟಿನತ್ತ ಒಮ್ಮೆ ನೋಡಿ, ನಾಲ್ಕು ಮಂದಿಗೆ ಬೇಕಾದಷ್ಟು ಗಾಳಿ ತುಂಬಿದ. ಐವತ್ತು ಮೈಲಿ ಓಡಿದ ಮೇಲೆ ಬನ್ನಿ, ಚಕ್ರದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕು ಎಂದು ಕಳಿಸಿಕೊಟ್ಟ.

ಮನೆಯವರೆಗೂ ಆ ಹೆಚ್ಚಿನ ಗಾಳಿಗೆ ಕಾರು ಕುಣಿಯಿತು. ಭಾರವಿಲ್ಲದ ಹಿಂಭಾಗ ಪ್ರತಿ ಉಬ್ಬಿಗೂ ಪುಟಿಯಿತು. ಪುಟಿದಾಗಲೆಲ್ಲ ನಾಗವ್ವ ತುಟಿ ಕಚ್ಚಿಕೊಂಡಳು.

ಐವತ್ತು ಮೈಲಿ ಓಡಿಸುವುದು ಅಂದರೆ ಎಲ್ಲಿಗಾದರೂ ಹೋಗಬೇಕು. ತರಕಾರಿ ಅಂಗಡಿ ಅರ್ಧ ಮೈಲಿ, ಜಿಪಿ ಡಾಕ್ಟರ ದವಾಖಾನೆ ಒಂದು ಮೈಲಿ. ಶನಿವಾರದ ಹೊತ್ತಿಗೆ ಐವತ್ತರಲ್ಲಿ ಆರು ಮೈಲಿ ದಾಟಿತ್ತು. ಅಡಿಗೆಮನೆಯ ಕಿಟಕಿಯ ಬಳಿ ಚಹಾ ಹಿಡಿದು ನಿಂತು, ಹೋಗಬಹುದಾದ ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೆನೆದಳು. ಕೊನೆಗೆ ಫೆಲ್ಥಮ್‌ನ ಅನ್ನೆಟ್ ಉಳಿದಳು.

ಅನ್ನೆಟ್ ಉಡುಪಿ ಕಡೆಯ ಕೊಂಕಣಿಯವಳು. ಹದಿನಾಲ್ಕು ವರ್ಷ ನಾಗವ್ವನ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವಳು. ಈಗಲೂ ಅದೇ ಬಸ್ಸಿನಲ್ಲಿದ್ದಾಳೆ. ಜುಲೈನಲ್ಲಿ ನಾಗವ್ವನನ್ನು ಅಪ್ಪಿಕೊಂಡು, ವಾರಕ್ಕೊಮ್ಮೆ ಫೋನ್ ಮಾಡುತ್ತೇನೆಂದು ಅತ್ತಿದ್ದಳು. ಆಗಸ್ಟ್‌ನಲ್ಲಿ ಎರಡು ಸಲ ಮಾಡಿದಳು. ಆಮೇಲೆ ಹೂವಿನ ಚಿತ್ರದ ಶುಭೋದಯಗಳು ಮಾತ್ರ ಬಂದವು.

ಭಾನುವಾರ ಮಧ್ಯಾಹ್ನ ಬಾಗಿಲು ತೆರೆದದ್ದು ಅನ್ನೆಟ್‌ಳ ಗಂಡ ಬೊನಿಫಾಸ್. ವಿಮಾನ ನಿಲ್ದಾಣದಲ್ಲಿ ಸರಕು ಏರಿಸುವ ಕೆಲಸ ಮುಗಿಸಿ ಆಗತಾನೆ ಬಂದಿದ್ದವನು, "ಬನ್ನಿ ಬನ್ನಿ" ಎಂದು ಒಳಗೆ ಕರೆದು, ಮಲಗಲು ಮೇಲೆ ಹೋದ. ಅನ್ನೆಟ್ ಅಡಿಗೆಮನೆಯಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ಹಿಟ್ಟು ನಾದುತ್ತಿದ್ದಳು.

"ಅಯ್ಯೋ ನಾಗವ್ವಕ್ಕ! ಒಂದು ಫೋನಾದರೂ ಮಾಡ್ಬಾರ್ದಾ ಮಾರಾಯ್ರೆ!"

ಮೇಜಿನ ಆಚೆ ಈಚೆ ಕೂತರು. ಚಹಾ ಆಯಿತು. ಆರೋಗ್ಯ ಹೇಗಿದೆ, ಚೆನ್ನಾಗಿದೆ. ಮಗಳು ಹೇಗಿದ್ದಾಳೆ, ಲೆಸ್ಟರ್‌ನಲ್ಲಿ ಮನೆ ತಗೊಂಡಿದ್ದಾಳೆ. ಚಳಿ ಈ ವರ್ಷ ಜಾಸ್ತಿ, ಹೌದು ಜಾಸ್ತಿ. ಅಷ್ಟಕ್ಕೆ ಮಾತು ನಿಂತಿತು. ಅನ್ನೆಟ್ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾಗವ್ವ ಲೋಟದ ಅಂಚನ್ನು ಬೆರಳಿನಿಂದ ಸವರಿದಳು. ಹದಿನಾಲ್ಕು ವರ್ಷ ಬಿಡುವಿಲ್ಲದೆ ಮಾತಾಡಿದ ಇಬ್ಬರು ಹೆಂಗಸರಿಗೆ ಅರ್ಧ ಗಂಟೆಯಲ್ಲಿ ಮಾತು ಮುಗಿದುಹೋಗಿತ್ತು. ಬಂದದ್ದೇ ತಪ್ಪಾಯಿತೇನೋ ಅನ್ನಿಸಿ ನಾಗವ್ವ ಎದ್ದಳು.

"ಕಾರು ತೋರಿಸಿ ಆದ್ರೂ ಹೋಗಿ," ಎಂದು ಅನ್ನೆಟ್ ಕೈ ತೊಳೆದು ಹೊರಗೆ ಬಂದಳು. ನೀಲಿ ಬಣ್ಣವನ್ನು ಹೊಗಳಿದಳು. ಒಂದು ಸುತ್ತು ಹೋಗೋಣ ಎಂದು ಅವಳೇ ಹೇಳಿ, ಹಿಂದಿನ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕೂತಳು. ಕೂತ ಮೇಲೆ ಅವಳಿಗೇ ನಗು ಬಂತು. "ನೋಡಿ, ಅಭ್ಯಾಸ!"

ನಾಗವ್ವ ಕನ್ನಡಿ ಸರಿಮಾಡಿಕೊಂಡಳು. ಕನ್ನಡಿಯಲ್ಲಿ ಅನ್ನೆಟ್‌ಳ ಎರಡು ಕಣ್ಣು, ಹಣೆಗೆ ಹತ್ತಿದ ಹಿಟ್ಟು. ಆಗ ಅವಳಿಗೆ ಹೊಳೆಯಿತು: ಅಷ್ಟೂ ವರ್ಷ ತಾವು ಎದುರುಬದುರು ಕೂತು ಮಾತಾಡಿದ್ದೇ ಇಲ್ಲ. ಎಲ್ಲ ಮಾತೂ ಈ ಕನ್ನಡಿಯಲ್ಲೇ ನಡೆದದ್ದು.

ಮೊದಲ ತಿರುವು ದಾಟುವ ಮುಂಚೆಯೇ ನಾಗವ್ವ ಕೇಳಿದಳು. "ಬಸ್ಸಿನ್ಯಾಗ ತನ್ಮಯಿ ಇನ್ನೂ ಕೆಂಪ ದೀಪಾ ಕಂಡ್ರ ಚಪ್ಪಾಳಿ ಹೊಡೀತಾಳೇನು?"

"ಹೊಡೀತಾಳೆ. ನೀವಾದ್ರೆ ಸ್ಟೀರಿಂಗ್ ತಟ್ಟಿ ಉತ್ತರ ಕೊಡ್ತಿದ್ರಿ. ಹೊಸ ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಪಾಪ, ಅದು ಚಪ್ಪಾಳೆ ತಟ್ಟಿ ಕಾಯ್ತಾ ಕೂರ್ತದೆ." ಹಣೆಯ ಹಿಟ್ಟು ಒರೆಸಿಕೊಂಡು ಹೇಳಿದಳು, "ಅವನು ಮಾತೇ ಆಡುವುದಿಲ್ಲ ನಾಗವ್ವಕ್ಕ. ಕಿವಿಯಲ್ಲಿ ಎಂತದೋ ಸಿಕ್ಕಿಸಿಕೊಂಡಿರ್ತಾನೆ. ನನಗೆ ಸಾಕಾಗಿದೆ."

ನಾಗವ್ವ ಗುಡ್ಡದಲ್ಲಿ ಜಾರಿದ್ದನ್ನು ಹೇಳಿದಳು. ನಾಲ್ಕು ದಿನದಿಂದ ಯಾರಿಗೂ ಪೂರ್ತಿ ಹೇಳದೆ ಇಟ್ಟುಕೊಂಡಿದ್ದನ್ನು, ಪೆಡಲ್ ನಡುಗಿದ್ದರಿಂದ ಹಿಡಿದು, ಒಂದೂ ಬಿಡದೆ ಹೇಳಿದಳು.

"ನನಗೆ ಯಾಕೆ ಫೋನ್ ಮಾಡ್ಲಿಲ್ಲ?"

"ನೀ ಕೆಲಸದಾಗ ಇರ್ತಿ ಅಂತ."

ಅನ್ನೆಟ್ ಕಿಟಕಿಯ ಹೊರಗೆ ನೋಡಿದಳು. ಅಷ್ಟರಲ್ಲಿ ಒಂದು ಉಬ್ಬು ಬಂದು ಕಾರು ಪುಟಿಯಿತು. "ಎಂತ ಮಾರಾಯ್ರೆ ಇದು, ಎತ್ತಿನ ಗಾಡಿ ಹಾಗೆ ಹಾರ್ತದೆ!"

ನಾಗವ್ವ ಆ ಸುಳ್ಳನ್ನೂ ಹೇಳಿಬಿಟ್ಟಳು. ನಾಕ ಮಂದಿ ಅಂದೆ ಅನ್ನೆಟ್, ಯಾಕ ಅಂದೆನೋ. ಅನ್ನೆಟ್ ನಗಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ನೋಡಿ ಹೇಳಿದಳು, "ನಾನು ದಪ್ಪ ಇದ್ದೇನೆ. ನನ್ನನ್ನು ಇಬ್ಬರು ಅಂತ ಹಿಡೀರಿ. ಈಗ ಮೂರಾಯ್ತು." ಆಗ ಇಬ್ಬರೂ ನಕ್ಕರು. ನಾಗವ್ವನ ಕಣ್ಣು ಮಂಜಾಯಿತು. ಬದಿಗೆ ನಿಲ್ಲಿಸಿ, ಒರೆಸಿಕೊಂಡು ಮತ್ತೆ ಹೊರಟಳು.

ಹೊಲಗಳ ನಡುವಿನ ರಸ್ತೆಗಳಲ್ಲಿ ತಿರುಗಿ, ಕತ್ತಲಾಗುವ ಮುಂಚೆ ಅನ್ನೆಟ್‌ಳನ್ನು ಮನೆಗೆ ಬಿಟ್ಟಳು. ಕ್ರಿಸ್‌ಮಸ್ಸಿಗೆ ಬನ್ನಿ, ಮಗಳ ಮನೆಯವರೆಲ್ಲ ಬರುತ್ತಾರೆ ಎಂದು ಅನ್ನೆಟ್ ಕರೆದಳು. ನೋಡೂಣು ಎಂದಳು ನಾಗವ್ವ. ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ವಾಪಸು ಬರುವಾಗ ಸಣ್ಣ ಮಳೆ ಹಿಡಿಯಿತು. ಟೈರು ರಸ್ತೆಯನ್ನು ಗಟ್ಟಿಯಾಗಿ ಹಿಡಿದೇ ಇತ್ತು.

ಸೋಮವಾರ ದಾನಪ್ಪ ಬೋಲ್ಟುಗಳನ್ನು ಬಿಗಿ ನೋಡಿ, ಎಲ್ಲಾ ಸರಿ ಐತಿ ಎಂದ. ನಾಗವ್ವ ಹೋಗದೆ ನಿಂತಳು.

"ಗಾಳಿ ಕಡಿಮಿ ಮಾಡ್ರಿ. ನಾ ಒಬ್ಬಾಕಿನ ಇರೂದು."

"ನನಗ ಅವತ್ತ ಗೊತ್ತಾತ್ರಿ ಅಕ್ಕಾರ," ಎಂದ ದಾನಪ್ಪ, ಅವಳ ಮುಖ ನೋಡದೆ, ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂರುತ್ತ. "ಹಿಂದಿನ ಸೀಟಿನ್ಯಾಗ ಕಾಯಿಪಲ್ಲೆ ಚೀಲಕ್ಕ ಬೆಲ್ಟ್ ಹಾಕಿದ್ರಿ."

ನಾಲ್ಕು ಚಕ್ರಗಳಿಂದಲೂ ಗಾಳಿ ಸುಂಯ್ಯೆಂದು ಹೊರಬಂತು. ಅವನು ಏನನ್ನೂ ಕೇಳಲಿಲ್ಲ. ಅವಳಿಗೆ ಅದೇ ಹಿತವೆನಿಸಿತು.

ಜನವರಿಯಲ್ಲಿ ಎರಡು ಶನಿವಾರ ಬರುತ್ತೇನೆಂದ ಅನ್ನೆಟ್‌ಗೆ ಬರಲಾಗಲಿಲ್ಲ. ಮೂರನೆಯದಕ್ಕೆ ಟ್ಯೂಬ್ ರೈಲು ಹಿಡಿದು ಬಂದಳು. ಹಿಂದೆ ಕೂತಳು. ವಿಂಡ್ಸರ್‌ವರೆಗೆ ಹೋಗಿ, ಕಾರಿನಿಂದ ಇಳಿಯದೆ, ಮಾತಾಡುತ್ತಲೇ ಬಂದರು. ತಿಂಗಳಿಗೊಮ್ಮೆ ಇಷ್ಟಾದರೂ ನಡೆಯಬೇಕು ಎಂದುಕೊಂಡರು. ಫೆಬ್ರವರಿಯಲ್ಲಿ ನಡೆಯಿತು, ಮಾರ್ಚಿನಲ್ಲಿ ನಡೆಯಲಿಲ್ಲ.

ನಡುವೆ ಒಂದು ಮಂಗಳವಾರ ಎರಡು ಇಂಚು ಹಿಮ ಬಿತ್ತು. ಶಾಲೆಗಳಿಗೆ ರಜೆ ಕೊಟ್ಟರು. ನಾಗವ್ವ ಬೆಳಿಗ್ಗೆ ಏಳಕ್ಕೆ ಎದ್ದು, ಗಾಜಿನ ಮೇಲಿನ ಹಿಮ ಕೆರೆದು, ಯಾರೂ ತುಳಿಯದ ಕೆಂಟನ್ ರಸ್ತೆಗಳಲ್ಲಿ ಒಬ್ಬಳೇ ಒಂದು ಗಂಟೆ ಓಡಿಸಿದಳು. ಕಾರು ಎಲ್ಲೂ ಜಾರಲಿಲ್ಲ. ಬಂದು ಶೂ ಬಿಚ್ಚಿ, ಎರಡು ಜೋಳದ ರೊಟ್ಟಿ ಬಡಿದು, ಬಿಸಿ ಇರುವಾಗಲೇ ತಿಂದಳು.